ಸೈರನ್ ಕೂಗಿದಾಗ ಅಮ್ಮ ಗೇಟಿನ ಕಡೆಗೆ ಹೋದಳು

ಅಪ್ಪಾಜಿ,

ಇದನ್ನು ಕೂತುಕೊಂಡು ಓದಿ. ಕೆಟ್ಟ ಸುದ್ದಿಯ ವಾಸನೆ ಬಂದರೆ ಸಾಕು, ಮಾತು ಪೂರ್ತಿ ಕೇಳದೆ ಎದ್ದು ಚಪ್ಪಲಿ ಹುಡುಕುವವರು ನೀವು. ಈ ಸಲ ಎದ್ದು ಎಲ್ಲಿಗೂ ಹೋಗುವ ಹಾಗಿಲ್ಲ. ಜಪಾನಿನ ಕಮಾಯಿಶಿ ಅನ್ನುವ ಊರಿನಲ್ಲಿ, ಪೆಸಿಫಿಕ್ ಸಾಗರದ ದಂಡೆಯಲ್ಲಿ, ಸುನಾಮಿ ಎಚ್ಚರಿಕೆಯ ಸೈರನ್ ಕೂಗುತ್ತಿರುವಾಗ ನಾನು ಅಮ್ಮನನ್ನು ಕೆಳಗೆ ಬಿಟ್ಟು ಗುಡ್ಡ ಹತ್ತಿದೆ. ನಿಮಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ?

ನೀವು ಹೋದ ದಿನದಿಂದಲೇ ಶುರು ಮಾಡಬೇಕು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆಳಿಗ್ಗೆ ಇಡ್ಲಿ ತಿಂದು, ನರ್ಸಮ್ಮನನ್ನು ನಗಿಸಿ, "ಇಲ್ಲಿ ಊಟ ಬರೀ ಸಪ್ಪೆ, ಮನೆಗೆ ಹೋಗಿ ಒಂಚೂರು ಸಾರು ಮಾಡ್ಕೊಂಡು ಬಾ ಮಾರಾಯ್ತಿ" ಎಂದು ಅಮ್ಮನನ್ನು ಭದ್ರಾವತಿಗೆ ಕಳಿಸಿದಿರಿ. ಅವಳು ಕ್ಯಾರಿಯರ್ ಹಿಡಿದು ವಾಪಸ್ ಬಸ್ಸಿಳಿಯುವಷ್ಟರಲ್ಲಿ ನೀವು... ಆಮೇಲಿನ ಕಾರ್ಯಗಳಲ್ಲೆಲ್ಲ ಅವಳು ಕೂರು ಎಂದಲ್ಲಿ ಕೂತಳು, ಏಳು ಎಂದಾಗ ಎದ್ದಳು. ಸ್ವಾಮಿಗಳು ಕೊಟ್ಟ ವಿಭೂತಿ ಹಚ್ಚಿಕೊಂಡಳು. ಆದರೆ ನೀವು ತೀರಿಕೊಂಡಿರಿ ಅನ್ನುವ ಮಾತು ಮಾತ್ರ ಅವಳ ಬಾಯಿಂದ ಹೊರಡಲೇ ಇಲ್ಲ. ಯಾರು ಕೇಳಿದರೂ ಒಂದೇ ಉತ್ತರ: "ಅವ್ರು ಇನ್ನೂ ಬಂದಿಲ್ಲ."

ಮೊದಮೊದಲು ದುಃಖ, ತಾನಾಗಿ ಇಳಿಯುತ್ತದೆ ಅಂದುಕೊಂಡೆ. ವರ್ಷ ಕಳೆದ ಮೇಲೆ ಹೆದರಿಕೆಯಾಯಿತು. ಹೊಳೆಹೊನ್ನೂರಿನಲ್ಲಿ ತನ್ನ ತಮ್ಮನ ಮಗಳ ಮದುವೆಗೂ ಅವಳು ಹೋಗಲಿಲ್ಲ. ಶಿವಮೊಗ್ಗಕ್ಕೆ, ನನ್ನ ಮನೆಗೆ, ಒಂದು ರಾತ್ರಿ ಉಳಿಯಲಿಕ್ಕೂ ಬರಲಿಲ್ಲ. ಜಗಳವಾಡಿದೆ, ಗೋಗರೆದೆ, ಮಾತು ಬಿಟ್ಟೂ ನೋಡಿದೆ. ಕಾಯುತ್ತಾ ಕೂತವಳಿಗೆ ಬೇರೆ ಕೆಲಸವೇ ಇರುವುದಿಲ್ಲ ನೋಡಿ. ನೀವು ಹೋದ ದಾರಿಯಲ್ಲೇ ಅವಳೂ ಮೆಲ್ಲಗೆ ನಡೆದುಬಿಡುತ್ತಿದ್ದಾಳೆ, ನನ್ನ ಕೈಗೆ ಸಿಗುತ್ತಿಲ್ಲ ಅನ್ನಿಸುತ್ತಿತ್ತು. ನಿಮ್ಮನ್ನು ಕಳೆದುಕೊಂಡದ್ದು ಸಾಲದೇ?

ಪರಮೇಶ ಮಾವ ಸವಳಂಗ ರಸ್ತೆಯ ನಮ್ಮ ಟ್ರಾವೆಲ್ಸ್ ಆಫೀಸಿಗೆ ಬಂದದ್ದು ಆಗಲೇ. ನಿಮ್ಮ ಜೊತೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ನಾಲ್ಕಾರು ಜನ, ಅವರವರ ಹೆಂಡತಿಯರು ಸೇರಿ ಜಪಾನ್ ನೋಡಬೇಕಂತೆ. "ಫೂಜಿ ಬೆಟ್ಟ ಎಲ್ರೂ ನೋಡ್ತಾರೆ ಕಣಮ್ಮ. ಅಲ್ಲಿ ಸಮುದ್ರದ ಪಕ್ಕ ಒಂದು ಕಬ್ಬಿಣದ ಊರಿದೆಯಂತೆ. ನಮ್ಮೂರಿನ ಥರಾನೇ ದೊಡ್ಡ ಕುಲುಮೆ ಆರಿಹೋಗಿದೆಯಂತೆ. ಅದನ್ನ ತೋರ್ಸು" ಎಂದರು. ಹಾಗೆ ಕಮಾಯಿಶಿ ನಮ್ಮ ಪಟ್ಟಿಗೆ ಸೇರಿತು. ಹೇಗೂ ಒಪ್ಪುವುದಿಲ್ಲ ಅಂತ ಗೊತ್ತಿದ್ದೂ ಅಮ್ಮನನ್ನು ಕರೆದೆ. ಅವಳು ಬೇಳೆ ಆರಿಸುತ್ತಾ ಕೇಳಿದ್ದು ಒಂದೇ ಮಾತು: "ಅಲ್ಲಿ ಕಾರ್ಖಾನೆ ಇದ್ಯಾ?" ಇದೆ ಎಂದೆ. "ಹಂಗಾದ್ರೆ ಬರ್ತೀನಿ" ಎಂದಳು. ಯಾಕೆ ಹಾಗೆ ಕೇಳಿದಳು ಅಂತ ನಾನು ಆಗಲೇ ಯೋಚಿಸಬೇಕಿತ್ತು. ಖುಷಿಯಲ್ಲಿ ಪಾಸ್‌ಪೋರ್ಟಿಗೆ ಓಡಿದೆ.

ಊರು ತೋರಿಸುವುದನ್ನು ನಾನು ಕಲಿತದ್ದು ನಿಮ್ಮಿಂದ. ಮನೆಗೆ ಯಾವ ನೆಂಟರು ಬಂದರೂ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಹೊರಡಿಸುತ್ತಿದ್ದಿರಿ. ಹಳೇನಗರದ ನರಸಿಂಹ ದೇವರ ಗುಡಿ, ಭದ್ರಾ ಸೇತುವೆ, ಈ ಊರಿಗೆ ಹಿಂದೆ ಬೆಂಕಿಪುರ ಅಂತ ಹೆಸರಿದ್ದ ಕಥೆ, ಕೊನೆಗೆ ಕಾರ್ಖಾನೆಯ ಗೇಟು. ಪಾಪ, ನೆಂಟರ ಕಾಲು ಸೋತುಹೋಗುತ್ತಿತ್ತು. ನನಗೂ ಅಮ್ಮನಿಗೂ ಮಾತ್ರ ಆ ಗೇಟು ನೋಡುವ ಜಾಗವಾಗಿರಲಿಲ್ಲ, ನಿಲ್ಲುವ ಜಾಗ. ಸಂತೆಯ ದಿನ ಶಿಫ್ಟ್ ಮುಗಿಯುವ ಹೊತ್ತಿಗೆ ಎದುರಿನ ಮರದ ಕೆಳಗೆ ಚೀಲ ಹಿಡಿದು ನಿಲ್ಲುತ್ತಿದ್ದೆವು. ಸೈರನ್ ಆಗುತ್ತಿತ್ತು, ಸೈಕಲ್ಲುಗಳು ಹೊಳೆಯ ಹಾಗೆ ಹೊರಗೆ ಬರುತ್ತಿದ್ದವು. ನಾನು ಹುಡುಕುವ ಮೊದಲೇ ಅಮ್ಮ "ಅಗೋ" ಅನ್ನುತ್ತಿದ್ದಳು. ಮನೆಯಲ್ಲಿದ್ದ ದಿನವೂ ಅಷ್ಟೇ. ಸೈರನ್ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ನಮ್ಮ ಬೀದಿಯ ಹೆಂಗಸರೆಲ್ಲ ಹಾಗೇ ಅಲ್ಲವೇ?

ಕಮಾಯಿಶಿಯಲ್ಲಿ ಬಸ್ಸಿಳಿದಾಗ ನಮಗೆ ಊರು ತೋರಿಸಲು ಬಂದವರು ಯೋಕೊ ಅನ್ನುವ ಹಿರಿಯ ಹೆಂಗಸು. ನಿಮ್ಮದೇ ತಳಿ, ನಡೆಯುವುದರಲ್ಲಿ ಕರುಣೆಯೇ ಇಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಬೆಟ್ಟದ ಅದಿರು, ಮೊದಲ ಕುಲುಮೆಗಳು, ಯುದ್ಧ ಕಾಲದಲ್ಲಿ ಕಡಲಿನಿಂದ ಬಂದು ಬಿದ್ದ ಗುಂಡುಗಳು, ಕುಲುಮೆ ಆರಿದ ಮೇಲೂ ಉಕ್ಕಿನ ತಂತಿ ತಯಾರಿಸುತ್ತಾ ಉಳಿದ ಕಾರ್ಖಾನೆ. ಪರಮೇಶ ಮಾವನ ಕಣ್ಣಲ್ಲಿ ನೀರೇ ಬಂತು. ಆಮೇಲೆ ಯೋಕೊ ಒಂದು ಗೋಡೆಯ ಪಕ್ಕ ನಿಂತು ಕೈಯನ್ನು ಎತ್ತರಕ್ಕೆ ಚಾಚಿದರು. ಅವರ ಬೆರಳಿಗಿಂತ ಎಷ್ಟೋ ಮೇಲೆ ಒಂದು ಗುರುತಿತ್ತು. ಹಿಂದಿನ ಸುನಾಮಿಯ ನೀರು ಅಲ್ಲಿಯವರೆಗೆ ಬಂದಿತ್ತಂತೆ.

ಆ ಗೋಡೆಯ ಬಳಿ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ, ಅಪ್ಪಾಜಿ. ಈ ಕರಾವಳಿಯಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಇದಂತೆ. ಭೂಮಿ ನಡುಗಿ ಸೈರನ್ ಆದರೆ ಯಾರಿಗೂ ಯಾರೂ ಕಾಯಬಾರದು. ಅಮ್ಮನನ್ನು ಹುಡುಕಿಕೊಂಡು ಮಗು ಬರಬಾರದು, ಮಗುವನ್ನು ಹುಡುಕಿಕೊಂಡು ಅಮ್ಮ ಹೋಗಬಾರದು. ತನ್ನವರು ಎಲ್ಲಿದ್ದರೂ ಅಲ್ಲಿಂದಲೇ ಗುಡ್ಡ ಹತ್ತಿರುತ್ತಾರೆ ಎಂದು ನಂಬಿ ತಾನು ಹತ್ತಬೇಕು. ಹುಡುಕಲು ಹೋದವರಿಂದಲೇ ಮನೆಗೆ ಮನೆಯೇ ಹೋಗಿಬಿಟ್ಟದ್ದುಂಟಂತೆ. ಇದನ್ನು ನಾನು ಕನ್ನಡದಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಅಮ್ಮ ಆಗ ಏನು ಮಾಡುತ್ತಿದ್ದಳು ಗೊತ್ತೇ? ಯೋಕೊ ಅವರ ಅಂಗೈಗೆ ಕೋಡುಬಳೆ ಹಾಕುತ್ತಿದ್ದಳು. "ಪಾಪ, ಬೆಳಿಗ್ಗೆಯಿಂದ ಮಾತಾಡ್ತಾನೇ ಇದಾರೆ, ಏನಾದ್ರೂ ತಿಂದಿದಾರಾ?"

ಊಟ ಮುಗಿಸಿ ಪಾರ್ಕಿನಲ್ಲಿ ಕೂತಿದ್ದೆವು. ಅಮ್ಮ ಪಕ್ಕದ ಶೌಚಾಲಯಕ್ಕೆ ಹೋಗಿಬರುತ್ತೇನೆಂದು ಎದ್ದಳು. ಅವಳ ಫೋನು ಬಸ್ಸಿನಲ್ಲಿ ಚಾರ್ಜಿಗೆ ಹಾಕಿತ್ತು. ಮೊದಲು ಬೆಂಚು ಅಲುಗಿತು, ಯಾರೋ ಹಿಂದಿನಿಂದ ತಳ್ಳಿದರು ಅಂದುಕೊಂಡೆ. ಆಮೇಲೆ ಕಂಬದ ತಂತಿಗಳು ತೂಗಾಡಿದವು, ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ನಡುಕ ನಿಂತ ಸ್ವಲ್ಪ ಹೊತ್ತಿಗೆ ಸೈರನ್ ಶುರುವಾಯಿತು. ಅಪ್ಪಾಜಿ, ಆ ಸದ್ದು... ಕಣ್ಣು ಮುಚ್ಚಿದರೆ ಭದ್ರಾವತಿಯೇ. ಯೋಕೊ ಗುಡ್ಡದ ಮೆಟ್ಟಿಲು ತೋರಿಸಿ ಹೊರಡಿ ಎಂದರು. ನಾನು ಶೌಚಾಲಯಕ್ಕೆ ಓಡಿದೆ. ಖಾಲಿ. ಹಿಂದೆ ಹೋಗಿ ನೋಡಿದೆ, ರಸ್ತೆಗೆ ಬಂದು ನೋಡಿದೆ, "ಅಮ್ಮಾ" ಎಂದು ಕೂಗಿದೆ. ನನ್ನ ಕೂಗು ಸೈರನ್ನಿನಲ್ಲಿ ನನಗೇ ಕೇಳಲಿಲ್ಲ.

ಯೋಕೊ ಬಂದು ನನ್ನ ರಟ್ಟೆ ಹಿಡಿದರು. ಎಷ್ಟು ಗಟ್ಟಿ ಕೈ! ನಿನ್ನ ತಾಯಿ ಯಾರ ಹತ್ತಿರ ಇದ್ದರೂ ಅವರು ಕರೆದುಕೊಂಡು ಹತ್ತುತ್ತಾರೆ, ನಿನ್ನನ್ನು ನಂಬಿದವರು ಇಲ್ಲಿದ್ದಾರೆ ಎಂದರು. ನಾನು ಕೆಟ್ಟದಾಗಿ ಕೂಗಾಡಿದೆ. ನಿಮ್ಮೂರಿನ ಪಾಠ ನಿಮ್ಮೂರಿನವರಿಗೆ, ನಮ್ಮಮ್ಮನಿಗೆ ಅದು ಗೊತ್ತಿಲ್ಲ, ಅವಳಿಗೆ ಭಾಷೆ ಗೊತ್ತಿಲ್ಲ, ಅವಳಿಗೆ ಏನೂ... ತಿರುಗಿ ನೋಡಿದರೆ ಪರಮೇಶ ಮಾವ ಮಂಡಿ ಹಿಡಿದು ನಿಂತಿದ್ದರು. "ನೀನು ಹೋಗ್ದೆ ಇದ್ರೆ ನಾವ್ಯಾರೂ ಹೋಗಲ್ಲ" ಎಂದರು. ಒಬ್ಬರೂ ಅಲುಗಲಿಲ್ಲ. ಪ್ರೀತಿಯಿಂದಲೇ ನಿಂತಿದ್ದರು, ಆ ಪ್ರೀತಿ ಆಗ ನನಗೆ ವಿಷದ ಹಾಗೆ ಕಂಡಿತು. ಏನು ಮಾಡಬೇಕಿತ್ತು ಅಪ್ಪಾಜಿ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಮಾವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಸಮುದ್ರಕ್ಕೆ ಬೆನ್ನು ಮಾಡಿ, ಅಮ್ಮನಿಗೆ ಬೆನ್ನು ಮಾಡಿ.

ಮೇಲೆ ಊರಿನವರು ಆಗಲೇ ಸಾಲಾಗಿ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ, ಯಾರೂ ಕೂಗುತ್ತಿರಲಿಲ್ಲ. ಕೆಳಗೆ ಕೊಲ್ಲಿಯ ನೀರು ನಮ್ಮ ಗಾಜನೂರು ಅಣೆಕಟ್ಟಿನ ನೀರಿನಷ್ಟೇ ಸುಮ್ಮನಿತ್ತು. ಆ ಸುಮ್ಮನಿರುವಿಕೆಯನ್ನೇ ನಂಬಬಾರದು ಎಂದರು ಯೋಕೊ. ಖಾಲಿ ರಸ್ತೆಗಳಲ್ಲಿ ಅಮ್ಮ ಉಟ್ಟಿದ್ದ ಹಸಿರು ಸೀರೆಯನ್ನು ಹುಡುಕಿ ಹುಡುಕಿ ನನ್ನ ಕಣ್ಣು ಉರಿಯಿತು. ಹಸಿರು ಕಂಡಾಗೆಲ್ಲ ಅದು ಮರವಾಗಿರುತ್ತಿತ್ತು, ಬೋರ್ಡಾಗಿರುತ್ತಿತ್ತು. ನಿಮ್ಮ ಮೇಲೆ ಸಿಟ್ಟು ಬಂತು ನನಗೆ, ಸುಳ್ಳು ಹೇಳಲಾರೆ. ಸಾರು ತರಲು ಅವಳನ್ನು ಕಳಿಸಿದ್ದು ಯಾಕೆ? ಒಂದು ಗಂಟೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ, ಅವಳ ಕಣ್ಣೆದುರು ಹೋಗಿದ್ದರೆ, ಅವಳು ಹೀಗೆ... ಯೋಕೊ ಯಾರು ಯಾರಿಗೋ ಫೋನ್ ಮಾಡುತ್ತಲೇ ಇದ್ದರು. ಕೊನೆಗೆ ನನ್ನ ಕಡೆ ತಿರುಗಿ, ಕಾರ್ಖಾನೆಯ ಹಿಂದಿನ ದಿಬ್ಬದಲ್ಲಿ ಒಬ್ಬ ಭಾರತೀಯ ಹೆಂಗಸು ಇದ್ದಾರಂತೆ ಎಂದರು.

ಎಚ್ಚರಿಕೆ ಹಿಂತೆಗೆದುಕೊಂಡ ಮೇಲೆ ಆ ದಿಬ್ಬಕ್ಕೆ ಓಡಿದೆವು. ನೀರು ಬಂದರಿನ ಅಂಚಿನಲ್ಲಿ ಸ್ವಲ್ಪ ಏರಿ ಇಳಿದಿತ್ತು, ಅಷ್ಟೇ. ಹೆಲ್ಮೆಟ್ ಹಾಕಿದ ಕೆಲಸಗಾರರ ನಡುವೆ ಅಮ್ಮ ಕೂತಿದ್ದಳು, ಯಾರದೋ ನೀಲಿ ಕೋಟು ಹೊದ್ದುಕೊಂಡು. ನಾನು ಅಪ್ಪಿಕೊಂಡೆ, ಬೈದೆ, ಮತ್ತೆ ಅಪ್ಪಿಕೊಂಡೆ. ಯಾಕೆ ಹೋದೆ ಅಂತ ಕೇಳಿದರೆ, "ಸೈರನ್ ಆಯ್ತಲ್ಲೇ, ಕಾಲು ತಾನಾಗೇ ಆ ಕಡೆ ಹೊರಳ್ತು" ಎಂದಳು. ಬೆಳಿಗ್ಗೆ ಬಸ್ಸಿನಿಂದ ಕಾರ್ಖಾನೆಯನ್ನು ನೋಡಿ ದಾರಿ ಗುರುತು ಇಟ್ಟುಕೊಂಡಿದ್ದಳು. ಇಡೀ ಊರು ಗುಡ್ಡಕ್ಕೆ ಓಡುವಾಗ ಭದ್ರಾವತಿಯ ಹೆಂಗಸೊಬ್ಬಳು ಶಿಫ್ಟ್ ಬಿಟ್ಟಿತು ಅಂತ ಗೇಟಿನ ಎದುರು ಹೋಗಿ ನಿಂತಿದ್ದಾಳೆ! ನಗಲೋ, ಅಳಲೋ?

ನಾವು ಬರುವ ಮೊದಲು ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಅಮ್ಮನನ್ನು ಮೇಲಕ್ಕೆ ಎಳೆದುಕೊಂಡು ಹೋದ ಕೆಲಸಗಾರ ಹೆಂಗಸು ಯೋಕೊಗೆ ಹೇಳಿದ್ದು, ಯೋಕೊ ನನಗೆ ಹೇಳಿದ್ದು. ದಿಬ್ಬದ ಮೇಲೆ ಆ ಹೆಂಗಸು ಫೋನನ್ನು ಅಮ್ಮನ ಬಾಯಿಯ ಹತ್ತಿರ ಹಿಡಿದಳಂತೆ, ಈಗ ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸುವ ಸೌಲಭ್ಯ ಇದೆಯಲ್ಲ, ಅದನ್ನು ಹಾಕಿ. ಗೇಟಿನಲ್ಲಿ ಯಾಕೆ ನಿಂತಿದ್ದಿರಿ ಎಂದು ಕೇಳಿತು ಫೋನು. ಅಮ್ಮ ಎಲ್ಲರಿಗೂ ಹೇಳುವುದನ್ನೇ ಹೇಳಿದಳು: "ನಮ್ಮನೆಯವ್ರು ಒಳಗಿದಾರೆ. ಇನ್ನೂ ಹೊರಗೆ ಬಂದಿಲ್ಲ."

ಅಲ್ಲಿದ್ದವರ ಮುಖ ಬಿಳಿಚಿಕೊಂಡಿತಂತೆ. ತಮ್ಮವರೆಲ್ಲ ಬಂದಿದ್ದರು, ಆದರೆ ಒಳಗೆ ನೋಡಲು ಹೋದ ಪ್ರವಾಸಿ ಯಾರಾದರೂ ಉಳಿದುಬಿಟ್ಟಿದ್ದರೆ? ಅವರ ಹೆಸರೇನು, ಹೆಸರು ಹೇಳಿ ಎಂದು ಮತ್ತೆ ಮತ್ತೆ ಕೇಳಿದರು. ಗಂಡನ ಹೆಸರು ಹೇಳುತ್ತಾಳೆಯೇ ನಮ್ಮಮ್ಮ? ಮನೆಗೆ ಓಟಿನ ಪಟ್ಟಿ ಹಿಡಿದು ಬಂದವರಿಗೂ ನನ್ನ ಕೈಯಲ್ಲಿ ಹೇಳಿಸಿದವಳು. ತಲೆ ತಗ್ಗಿಸಿ ಸುಮ್ಮನೆ ಕೂತಳು. ಆಗ ಗೇಟಿನ ಕಾವಲುಗಾರ, ನಿಮ್ಮಷ್ಟೇ ವಯಸ್ಸಿನ ಮನುಷ್ಯ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ದಿಬ್ಬ ಇಳಿಯತೊಡಗಿದ. ಉಳಿದವರು ಬೇಡವೆಂದು ಕೂಗಿದರು, ಅವನು ನಿಲ್ಲಲಿಲ್ಲ. ಸೈರನ್ ಇನ್ನೂ ಆಗುತ್ತಲೇ ಇತ್ತು.

ಅಮ್ಮ ತಲೆ ಎತ್ತಿ ನೋಡಿದಳಂತೆ. ಅವನು ಯಾರಿಗಾಗಿ ಇಳಿಯುತ್ತಿದ್ದಾನೆ ಅಂತ ಅವಳಿಗೆ ಹೊಳೆಯಿತು. ಎದ್ದು, ಸೀರೆಯ ನೆರಿಗೆ ಎತ್ತಿಕೊಂಡು ಇಳಿಜಾರಿನಲ್ಲಿ ಓಡಿ, ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಕೆಲಸಗಾರ ಹೆಂಗಸು ಫೋನ್ ಹಿಡಿದು ಹಿಂದೆಯೇ ಓಡಿದಳು. ಅಮ್ಮ ಹೇಳಿದ್ದನ್ನು ಆ ಫೋನು ಕನ್ನಡದಲ್ಲಿಯೇ ಬರೆದು ಉಳಿಸಿಕೊಂಡಿತ್ತು, ನಾನೇ ಓದಿದೆ. ಇಷ್ಟೇ ಇತ್ತು, ಅಪ್ಪಾಜಿ: "ಹೋಗ್ಬೇಡಪ್ಪಾ. ಒಳಗೆ ಯಾರೂ ಇಲ್ಲ. ಅವರ ಹೆಸರು ರುದ್ರಪ್ಪ. ರುದ್ರಪ್ಪ ಸತ್ತುಹೋಗಿದಾರೆ."

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಿನ್ನನ್ನು ಬಿಟ್ಟು ಹತ್ತಿಬಿಟ್ಟೆ ಕಣಮ್ಮ ಎಂದೆ. "ಹತ್ದೆ ಇದ್ರೆ ಕೆನ್ನೆಗೆ ಬಾರಿಸ್ತಿದ್ದೆ" ಎಂದಳು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಹೇಳ್ದೆ ಇನ್ನೇನು ಮಾಡ್ಲಿ ಹೇಳು? ಅವನಿಗೂ ಮನೇಲಿ ಹೆಂಡ್ತಿ ಇರ್ತಾಳೆ, ಕಾಯ್ತಿರ್ತಾಳೆ" ಎಂದಳು. ನೀವು ಹೋದ ಮೇಲೆ ಮೊದಲ ಸಲ, ನನ್ನ ತೊಡೆಯ ಮೇಲೆ ತಲೆಯಿಟ್ಟು, ಪರಮೇಶ ಮಾವನ ಎದುರಿಗೇ, ಅಮ್ಮ ಜೋರಾಗಿ ಅತ್ತಳು.