ಸೋರದ ಜೋಡಿ

ಬಲೆ ಶೆಡ್ಡಿನ ಮೇಲಿನ ಕೋಣೆ
ಮಾರ್ಚ್ ೮, ಶನಿವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೂಟು ಹಾಕಿದಾಗ ಬಲಗಾಲು ಈಗಲೂ ನೋಯುತ್ತದೆಯೆ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ತಪ್ಪಿತೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ. ಆರಡಿ ಎರಡಂಗುಲ ಇದ್ದರೂ ಒಂದು ಹೊತ್ತು ತಪ್ಪಿದರೆ ಮುಖ ಬಾಡುವವನು ನೀನು.

ಇಲ್ಲಿಯ ಹೊಸ ಸುದ್ದಿ ಏನೆಂದರೆ, ನನ್ನ ಎಡಗಾಲಿನ ಎರಡು ಬೆರಳಿಗೆ ಇನ್ನು ಸ್ಪರ್ಶ ಮರಳುವುದಿಲ್ಲ. ಹೇಳಿದವರು ಆಸ್ಪತ್ರೆಯ ನರ್ಸಮ್ಮ, ಮೊನ್ನೆ ಗುರುವಾರ. ಕಣ್ಣು ಮುಚ್ಚಿಕೊಳ್ಳಲು ಹೇಳಿ ಬೆರಳುಗಳನ್ನು ಮುಟ್ಟಿ ನೋಡುತ್ತಿದ್ದರು. ಬಹಳ ಹೊತ್ತಾಯಿತಲ್ಲ ಎಂದು ನಾನು "ಇನ್ನೂ ಶುರು ಮಾಡಿಲ್ವಾ?" ಎಂದು ಕೇಳಿದೆ. ಕಣ್ಣು ತೆರೆದು ನೋಡಿದರೆ ಅವರ ಕೈಯಲ್ಲಿ ಸೂಜಿ, ನನ್ನ ಬೆರಳ ತುದಿಯಲ್ಲಿ ರಕ್ತ ಇತ್ತು. "ಇನ್ನೊಂದು ಸಲ ಚಳಿನೀರಲ್ಲಿ ನಿಂತ್ರೆ ಇವೆರಡನ್ನ ತೆಗೀಬೇಕಾಗುತ್ತೆ ಕಣಮ್ಮಾ, ಈಗ್ಲೇ ಹೇಳಿದ್ದೀನಿ" ಎಂದರು. ನೀನು ಹೋದ ಮೇಲೆ ಒಂದು ವರ್ಷ ಕೂಲಿಯ ಮೀಸೆಯವನು ಬಲೆ ಹಿಡಿದು ನಡುನೀರಿಗೆ ನಿಂತ, ಆಮೇಲೆ ಕೆಲಸ ಬಿಟ್ಟ. ಹೋದ ಶರತ್ತಿನ ಮೀನಿನ ಪಾಳಿಯಲ್ಲಿ ಒಂಬತ್ತು ವಾರವೂ ಅಲ್ಲಿ ನಿಂತವಳು ನಾನು.

ನಿನ್ನ ಕಾಗದ ಮಂಗಳವಾರ ತಲುಪಿತು. ವಸಂತದ ಪಾಳಿಗೆ ಬರುತ್ತೇನೆ, ೨೦ನೇ ತಾರೀಖು ಗುರುವಾರ ಮಧ್ಯಾಹ್ನ ಮನೆಯಲ್ಲಿರುತ್ತೇನೆ, ನೀರಿಗಿಳಿಯಲು ಹೊಸ ವೇಡರ್ ಕೊಂಡು ತರುತ್ತೇನೆ ಎಂದು ಬರೆದಿದ್ದೀಯ. "ಈ ಸಲ ತಟ್ಟೆಗೆ ಒಂದು ಹನಿ ಬೀಳಲ್ಲ ಅಕ್ಕಾ, ಅಪ್ಪ ನಿಂತು ನೋಡ್ಲಿ" ಎಂಬ ಸಾಲನ್ನು ಚಿಕ್ಕಪ್ಪನಿಗೂ ಓದಿ ಹೇಳಿದೆ. ಅವರಿಗೆ ವೇಡರ್ ಎನ್ನಲು ಇನ್ನೂ ನಾಲಿಗೆ ತಿರುಗುವುದಿಲ್ಲ, ಎದೆಗಂಬೂಟು ಎನ್ನುತ್ತಾರೆ. "ಎದೆಗಂಬೂಟು ಹಾಕ್ಕೊಂಡು ಮದುವೆಗೆ ಹೊರಟವನ ಹಾಗೆ ಬರೆದಿದ್ದಾನಲ್ಲೇ" ಎಂದು ನಕ್ಕರು. ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀಯ. ಹನ್ನೊಂದು ವರ್ಷ ಈ ಮನೆಯ ಎಲ್ಲರ ವೇಡರ್ ಜೋಡಿಗಳನ್ನು ತೊಳೆದು, ಒಣಗಿಸಿ, ತೇಪೆ ಹಾಕಿದವಳು ನಾನು. ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ದಪ್ಪ ಸ್ಪಂಜು ರಬ್ಬರಿನದು ಬೇಡ. ನೀರಲ್ಲಿ ಬೆಚ್ಚಗಿರುತ್ತದೆ ನಿಜ, ಆದರೆ ಬಲೆ ಎಳೆದು ದಂಡೆ ಹತ್ತಿದಾಗ ಒಳಗೆ ಬೆವರಿ, ಆ ಬೆವರೇ ತಣ್ಣಗಾಗಿ ಕೊಲ್ಲುತ್ತದೆ. ನಮ್ಮ ಎರಡೂ ಪಾಳಿಗೆ, ವಸಂತಕ್ಕೂ ಶರತ್ತಿಗೂ, ಪದರ ಪದರವಾಗಿ ಅಂಟಿಸಿದ, ಬೆವರು ಹೊರಹೋಗುವ ಬಟ್ಟೆಯದೇ ಸರಿ. ಮೊಣಕಾಲಿನ ಕೆಳಗೆ ಪದರ ಹೆಚ್ಚಿರಬೇಕು, ಮಂಡಿಗೆ ಇನ್ನೊಂದು ತುಂಡು ಹೊಲಿದಿರಬೇಕು. ಒಳಗೆ ಉಣ್ಣೆಯ ಪ್ಯಾಂಟು ಹಾಕುವಷ್ಟು ಸಡಿಲವಿರಲಿ. ಅಂಗಡಿಯವನು ಹೊರಗಿನ ಬಣ್ಣ ತೋರಿಸುತ್ತಾನೆ, ನೀನು ಒಳಗು ಹೊರಗು ಮಾಡಿ ಹೊಲಿಗೆ ನೋಡು. ಹೊಲಿಗೆಯ ಮೇಲೆ ಉದ್ದಕ್ಕೂ ಪಟ್ಟಿ ಅಂಟಿಸಿರುತ್ತಾರೆ. ಅದರ ಅಂಚನ್ನು ಉಗುರಿನಿಂದ ಕೆರೆದು ನೋಡು, ಎದ್ದರೆ ಅದು ಎರಡು ತಿಂಗಳ ಮಾಲು. ತೊಡೆಯ ಒಳಬದಿಯಲ್ಲಿ ಹೊಲಿಗೆ ಬಂದಿದ್ದರೆ ನಡೆದು ನಡೆದು ಅಲ್ಲೇ ಸವೆಯುತ್ತದೆ. ಬೂಟು ಕೂಡಿಕೊಂಡೇ ಇರುವುದು ಹಾಕಲು ಸುಲಭ, ಆದರೆ ಕಲ್ಲಿನ ಮೇಲೆ ಕಣಕಾಲು ನಿಲ್ಲುವುದಿಲ್ಲ. ಕಾಲುಚೀಲದ ಹಾಗಿರುವುದನ್ನು ತಗೊಂಡು ಮೇಲೆ ಬೇರೆ ಬೂಟು ಹಾಕು. ಚೀಲದ ಅಳತೆ ಸರಿಯಿರಲಿ. ದೊಡ್ಡದಾದರೆ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲಿ ತೂತಾಗುತ್ತದೆ. ಬೆರಳು ಹೋದ ಜಾಗಕ್ಕೆ ಸ್ವಲ್ಪ ಹತ್ತಿ ಇಡು. ಅಂಗಡಿಯಲ್ಲೇ ಎರಡು ಜೊತೆ ಉಣ್ಣೆ ಕಾಲುಚೀಲ ಹಾಕಿ, ಕುಕ್ಕರುಗಾಲಲ್ಲಿ ಕೂತು, ಎದ್ದು, ಒಂದು ಕಾಲನ್ನು ಕುರ್ಚಿಯ ಮೇಲಿಡು. ಜನ ನೋಡಿದರೆ ನೋಡಲಿ. ಸೊಂಟದ ಬೆಲ್ಟಿಲ್ಲದೆ ನೀರಿಗಿಳಿಯಬೇಡ. ಬಿದ್ದರೆ ಒಳಗೆ ನೀರು ತುಂಬಿಕೊಳ್ಳದಂತೆ ತಡೆಯುವುದು ಅದೊಂದೇ. ಕೊನೆಗೆ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಅದರೊಳಗೆ ಟಾರ್ಚ್ ಇಳಿಬಿಟ್ಟು ನೋಡು. ಬೆಳಕಿನ ಚುಕ್ಕೆ ಒಂದು ಕಂಡರೂ ವಾಪಸ್ ಕೊಡು.

ಇಷ್ಟೆಲ್ಲ ನೋಡಿ ಕೊಂಡರೆ ಆರು ವರ್ಷ ಬಾಳುತ್ತದೆ. ನಿನ್ನ ಹಳೆಯ ಜೋಡಿಯೂ ಬಾಳಬೇಕಿತ್ತು. ಅದು ಯಾಕೆ ಬಾಳಲಿಲ್ಲ ಎಂಬುದನ್ನು ಈಗ ಬರೆಯುತ್ತೇನೆ, ಕೂತುಕೊಂಡು ಓದು.

ಪಾಳಿ ಶುರುವಾಗುವ ಮುಂಚಿನ ಪರೀಕ್ಷೆ ಅಜ್ಜನ ಕಾಲದ್ದು. ಎಲ್ಲರ ಜೋಡಿಗಳನ್ನೂ ತೊಲೆಗೆ ನೇತುಹಾಕುವುದು, ಒಂದೊಂದು ಕಾಲಿಗೆ ಎರಡೆರಡು ಬಕೆಟ್ ನೀರು ಸುರಿಯುವುದು, ಕೆಳಗೆ ತಟ್ಟೆ ಇಟ್ಟು ಅರ್ಧ ಗಂಟೆ ಕಾಯುವುದು. ಯಾರ ತಟ್ಟೆಯಲ್ಲಿ ನೀರು ಹೆಚ್ಚೋ ಅವರು ಆ ಪಾಳಿ ಪೂರ್ತಿ ಹೊಳೆಯ ನಡುವೆ, ಸೊಂಟದ ಮೇಲಿನ ನೀರಲ್ಲಿ ಬಲೆ ಹಿಡಿಯಬೇಕು. "ಹೇಗೂ ನೆನೆಯೋನು ಒಬ್ಬನೇ ನೆನೀಲಿ" ಎಂದು ಅಜ್ಜ ಅನ್ನುತ್ತಿದ್ದರಂತೆ. "ತನ್ನ ಸಾಮಾನು ಕಾಪಾಡಿಕೊಳ್ಳದವನಿಗೆ ಅದೇ ಸರಿ" ಎಂದು ಸೇರಿಸಿದವರು ಅಪ್ಪ.

ನೀನು ಕೆಲಸಕ್ಕೆ ಸೇರುವ ಹಿಂದಿನ ಶರತ್ತಿನಲ್ಲಿ ನಡುನೀರಿಗೆ ನಿಂತವಳು ನಾನು. ನೀನು ಸೇರಿದ ವರ್ಷ, ಪರೀಕ್ಷೆಯ ಹಿಂದಿನ ಸಂಜೆ, ನಾನೇ ನೀರು ಹಾಕಿ ಅಳೆದು ನೋಡಿಕೊಂಡೆ. ನನ್ನದು ಅರ್ಧ ಲೋಟ. ನಿನ್ನದು ಹನಿಯಿಲ್ಲ. ಬಲೆ ಹೊಲಿಯುವ ಸೂಜಿ ಕೈಯಲ್ಲೇ ಇತ್ತು. ನಿನ್ನ ಜೋಡಿಯ ಎಡಗಾಲಲ್ಲಿ, ಕಣಕಾಲಿನ ಹೊಲಿಗೆಯ ಪಕ್ಕ ಮೂರು, ಬಲಗಾಲಲ್ಲಿ ನಾಲ್ಕು ಸಲ ಚುಚ್ಚಿದೆ. ಮಾರನೆಯ ಬೆಳಿಗ್ಗೆ ನಿನ್ನ ತಟ್ಟೆಯಲ್ಲಿ ಎರಡು ಲೋಟ ನೀರಿತ್ತು. ಅಪ್ಪ ನಿನ್ನನ್ನು ಜರಡಿ ಎಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ಪಾಳಿ ಮುಗಿದ ಮೇಲೆ ನಾನೇ ಅಂಟು ಹಾಕಿ ಆ ತೂತು ಮುಚ್ಚುತ್ತಿದ್ದೆ, ಮುಂದಿನ ಪಾಳಿಗೆ ಬೇರೆ ಕಡೆ ಚುಚ್ಚುತ್ತಿದ್ದೆ. ಹೀಗೆ ಐದು ಪಾಳಿ. ಕಾರಣ ಚಳಿ. ಬೇರೆ ಕಾರಣ ಇದೆಯೇನೋ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ.

ನಿನ್ನ ಬಲಗಾಲಿನ ಕಿರುಬೆರಳು ಕತ್ತರಿಸಿದ ದಿನ ಅಪ್ಪ ಆಸ್ಪತ್ರೆಗೆ ಬಂದು "ಹತ್ತರಲ್ಲಿ ಒಂದು ಹೋಯ್ತು, ಒಂಬತ್ತಿದೆಯಲ್ಲೋ ಜರಡಿ" ಎಂದರು. ನೀನು ಮಂಚದಲ್ಲಿ ಎದ್ದು ಕೂತು "ತಪ್ಪಾಯ್ತಪ್ಪಾ, ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ" ಎಂದೆ. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ನಿನಗೆ ಕಿತ್ತಳೆ ಸುಲಿಯುತ್ತಿದ್ದೆ. ಸುಲಿದು ಮುಗಿಸಿದೆ. ಬಿಡಿಸಿ ನಿನ್ನ ಕೈಗೆ ಕೊಟ್ಟೆ.

ಗುರುವಾರ ನರ್ಸಮ್ಮನ ಹತ್ತಿರದಿಂದ ಬಂದವಳು ಊಟದ ಹೊತ್ತಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ತುತ್ತು ನುಂಗಿ "ಗೊತ್ತು" ಎಂದರು. "ಮುಳ್ಳು ಚುಚ್ಚಿದ್ರೆ ಅಂಚು ಹರಿದಿರುತ್ತೆ. ಸೂಜಿ ತೂತು ಗುಂಡಗಿರುತ್ತೆ. ಮೊದಲ್ನೇ ವರ್ಷಾನೇ ನೋಡಿದ್ದೆ." ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ದೋಟಿ ಥರ ಎತ್ತರ ಇದ್ದಾನೆ. ಅವನು ನಡುವೆ ನಿಂತ್ರೆ ಬಲೆ ನೆಟ್ಟಗಿರುತ್ತೆ. ನಾನೇ ಅಲ್ಲಿ ನಿಲ್ಲು ಅಂದಿದ್ರೆ ಮಗನನ್ನ ಸಾಯಿಸ್ತಿದ್ದಾನೆ ಅಂತಿದ್ರು. ಪರೀಕ್ಷೇನೇ ಅವನನ್ನ ಅಲ್ಲಿಗೆ ಕಳಿಸಿದ್ರೆ ಯಾರೇನು ಅಂತಾರೆ?" ಎಂದರು. ಚಿಕ್ಕಪ್ಪನ ಕಡೆ ನೋಡಿದೆ. ಅವರು ಉಪ್ಪು ಈ ಕಡೆ ತಳ್ಳು ಎಂದರು. ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಈ ಮನೆಯಲ್ಲಿ ನೀನೊಬ್ಬನೇ.

ಕ್ಷಮಿಸು ಎಂದು ಬರೆದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವವೇ ಹಾಗೆ. ಅದಕ್ಕೇ ಆ ಮಾತು ಬರೆದಿಲ್ಲ. ಎರಡು ವರ್ಷ ನೀನು ಊರೂರಲ್ಲಿ ನಿನ್ನನ್ನೇ ಬೈದುಕೊಂಡು ತಿರುಗಿದ್ದೀಯ. ನಿನ್ನ ಜೋಡಿ ಎಂದೂ ನಿನ್ನ ತಪ್ಪಿನಿಂದ ಸೋರಿದ್ದಲ್ಲ ಎಂಬುದಾದರೂ ತಿಳಿದಿರಲಿ. ಈ ವಸಂತಕ್ಕೆ ನೀರಿಗಿಳಿಯುವವರು ಮೂರೇ ಜನ, ಚಿಕ್ಕಪ್ಪ, ನಾನು, ಬಂದರೆ ನೀನು. ಅಪ್ಪ ಯಾವಾಗಿನಂತೆ ದಂಡೆಯಲ್ಲಿ ಹಗ್ಗ ಹಿಡಿಯುತ್ತಾರೆ. ಚಿಕ್ಕಪ್ಪನದು ಹೊಸದು. ನನ್ನದನ್ನು ನಿನ್ನೆ ನೀರು ತುಂಬಿ ನೋಡಿದೆ, ಮುಕ್ಕಾಲು ಲೋಟ.

ಆರೋಗ್ಯ ನೋಡಿಕೋ. ಚಿಕ್ಕಪ್ಪ ಕೇಳಿದೆನೆಂದು ಬರೆಯಲು ಹೇಳಿದ್ದಾರೆ. ನೂರು ವರ್ಷ ಬಾಳು.

ನಿನ್ನ ಅಕ್ಕ

ಮರೆತಿದ್ದು: ಅಂಚೆಯವನು ಗೇಟಿನ ಹತ್ತಿರ ಬಂದಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಈಗಷ್ಟೇ ಅಪ್ಪ ಮೆಟ್ಟಿಲ ಮೇಲೆ ನಿಂತು ಹೇಳಿಹೋದರು. ನೀನು ಬರುವ ಗುರುವಾರ ಸಂಜೆಯೇ ನಾನು ನಿನ್ನ ಹೊಸ ಜೋಡಿಯನ್ನು ಶೆಡ್ಡಿಗೆ ತಂದಿಟ್ಟುಕೊಳ್ಳಬೇಕಂತೆ. "ನೀನು ಮಾಡ್ತಿದ್ದ ಹಾಗೇ ಮಾಡು, ನಿನ್ನ ಬೆರಳಾದ್ರೂ ಉಳಿಯುತ್ತೆ" ಎಂದರು. ಆಗುವುದಿಲ್ಲ ಎಂದು ನಾನು ಹೇಳಿಲ್ಲ. ಪರೀಕ್ಷೆ ೨೧ನೇ ತಾರೀಖು ಶುಕ್ರವಾರ, ಬೆಳಿಗ್ಗೆ ಏಳು ಗಂಟೆಗೆ.