ತಡವಾಗಿ ಬೀಳುವ ಕಾಲು

ಕಿನ್ಶಾಸಾ

ಲುಸಾಲಾ,

ಇದನ್ನು ಕಳಿಸಲು ನಿನ್ನ ವಿಳಾಸವನ್ನೂ ನಾನು ಯಾರಲ್ಲೂ ಕೇಳಿಲ್ಲ.

ಇವತ್ತು ನಿನ್ನ ಜಾಗದಲ್ಲಿ ಕೂತ ಹೊಸ ಡ್ರಮ್ಮರ್ ಕಿಯಾಲಾ ಜೊತೆ ಮೊದಲ ತಾಲೀಮು. ಹಾಡು ಮುಗಿದು ಕುಣಿತದ ಭಾಗ ಶುರುವಾಯಿತು. ಗಿಟಾರ್ ಓಡಿತು, ನನ್ನ ಬೇಸ್ ಗಿಟಾರ್ ಹಿಂದೆ ಬಿತ್ತು, ಕುಣಿಯುವವರ ಹೆಜ್ಜೆಗಳೆಲ್ಲ ತಪ್ಪಿದವು.

"ಏ ಬೊಫಾಂಡೊ, ಬೇಸ್ ಬಾರಿಸ್ತಿದ್ದೀಯೋ, ಫುಫು ಮುದ್ದೆ ತಿರುವ್ತಿದ್ದೀಯೋ?" ಎಂದು ತಂಡದ ಯಜಮಾನರು ಕೂಗಿದರು. ಎಲ್ಲರೂ ನಕ್ಕರು.

"ಅಣ್ಣಾ, ನನ್ನ ಕಾಲೇ ಬೇಗ ಬೀಳ್ತಿದೆಯಾ?" ಕಿಯಾಲಾ ಮೆಲ್ಲಗೆ ಕೇಳಿದ.

"ಇಲ್ಲಪ್ಪ, ಸರಿಯಾಗೇ ಇದೆ."

ಸರಿಯಿಲ್ಲದಿದ್ದದ್ದು ನಿನ್ನ ಕಾಲು, ಲುಸಾಲಾ. ದೊಡ್ಡ ಡ್ರಮ್ಮಿನ ಪೆಡಲಿನ ಮೇಲೆ ಅದು ಯಾವಾಗಲೂ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಯಾರಿಗೂ ಗೊತ್ತಾಗದಿರಲೆಂದು ನನ್ನ ಬೆರಳನ್ನೂ ಅಷ್ಟೇ ತಡೆದು ಬಾರಿಸಲು ಕಲಿತೆ. ಜನ ಅದನ್ನೇ ನಮ್ಮ ಜೋಡಿಯ ಸೊಗಸು ಎಂದರು. ಆ ಹೊಗಳಿಕೆ ಹೊತ್ತುಕೊಂಡು ನೀನು ಎದುರಾಳಿ ತಂಡದ ಜೊತೆ ಬ್ರಸೆಲ್ಸ್‌ಗೆ ಹೋದೆ, ನನಗೊಂದು ಮಾತೂ ಹೇಳದೆ. ತಡವನ್ನು ಮಾತ್ರ ನನ್ನ ಬೆರಳಲ್ಲಿ ಬಿಟ್ಟುಹೋದೆ.

ಮತ್ತೆ ಬಾರಿಸಿದೆವು. ಮತ್ತೆ ಹಿಂದೆ ಬಿದ್ದೆ.

"ಯಾರಿಗೋಸ್ಕರ ಕಾಯ್ತಿದ್ದೀಯೋ ಮಾರಾಯ?" ಎಂದರು ಯಜಮಾನರು.

"ಯಾರಿಗೋಸ್ಕರಾನೂ ಇಲ್ಲ," ಎಂದು, ಬಿಗಿಯಾಗಿಯೇ ಇದ್ದ ತಂತಿಯನ್ನು ಮತ್ತೆ ಬಿಗಿಮಾಡಿದೆ.