ಸುಧೀರಣ್ಣನ ಫೋಟೋ ತಲೆಕೆಳಗಾದದ್ದು

ಕುಂಭಾಶಿ
ಆಗಸ್ಟ್ ೨೦೧೧

ಪದ್ದಕ್ಕನಿಗೆ ಸುಜನ್ ಮಾಡುವ ನಮಸ್ಕಾರ.

ಮೊನ್ನೆ ನಿಮ್ಮ ಯಜಮಾನರ ಶ್ರದ್ಧಾಂಜಲಿ ಸಭೆಯಿಂದ ಓಡಿಹೋದವನು ಯಾವ ಮುಖ ಇಟ್ಟುಕೊಂಡು ಬರೆಯುತ್ತಾನೆ ಎನಿಸಬಹುದು.

ಸಭಾಭವನದ ಗೋಡೆಗೆ ಆ ಟಿವಿ ಕೂರಿಸಿದವನು ನಾನೇ. ವಯರು ಗಿಡ್ಡವಾಗಿ ಮೇಲಿನ ಪ್ಲಗ್ಗಿಗೆ ಎಟುಕಲಿಲ್ಲವೆಂದು ತಲೆಕೆಳಗಾಗಿ ಜಡಿದಿದ್ದೆ. ಚಿತ್ರ ನೆಟ್ಟಗೆ ಕಾಣಲೆಂದು ಅದಕ್ಕೆ ಜೋಡಿಸಿದ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ತಿರುಗಿಸಿ ಇಟ್ಟಿದ್ದೆ. ಸಭೆಯ ದಿನ ಬೆಳಿಗ್ಗೆ ಆ ಕಂಪ್ಯೂಟರಿಗೆ ಹೊಸದಾಗಿ ವಿಂಡೋಸ್ ಹಾಕಿದವನು, ಆ ಸೆಟ್ಟಿಂಗ್ ಮತ್ತೆ ಮಾಡಲು ಮರೆತೆ. ದೋಣಿ ಮಗುಚಿ ತೀರಿಹೋದ ಸುಧೀರಣ್ಣನ ಫೋಟೋ ಎಲ್ಲರೆದುರು ತಲೆಕೆಳಗಾಗಿ ಬಂತು.

"ಅಮ್ಮ, ಅಪ್ಪಯ್ಯ ನೀರಿಗೆ ಹೀಂಗೇ ಬಿದ್ದದ್ದಾ?" ಎಂದು ಮೋಕ್ಷಿತಾ ಕೇಳಿದ್ದು ನನಗೂ ಕೇಳಿಸಿತು. ಸ್ವಿಚ್ ಆರಿಸಲೂ ನಿಲ್ಲದೆ ಹಿಂಬಾಗಿಲಿನಿಂದ ಹೊರಟುಬಿಟ್ಟೆ. ನೀವೇ ಎದ್ದು ಹೋಗಿ ಸೆರಗಿನಿಂದ ಪರದೆ ಮುಚ್ಚಿ ನಿಂತಿರಂತೆ.

ನಿನ್ನೆ ಹೋಗಿ ಟಿವಿ ಬಿಚ್ಚಿ, ಉದ್ದ ವಯರು ಎಳೆದು, ಸರಿಯಾಗಿ ಕೂರಿಸಿದೆ. ಇನ್ನು ಯಾವ ಸೆಟ್ಟಿಂಗೂ ಬೇಡ.

ಮೋಕ್ಷಿತಾ ಈಗಲೂ ಅದನ್ನೇ ಕೇಳುತ್ತಾಳೆಂದು ಗೊತ್ತಾಯಿತು. ಅದು ನನ್ನ ಕೈಯಿಂದಾದ ತಪ್ಪು, ಅಪ್ಪಯ್ಯನ ಫೋಟೋಕ್ಕೂ ಅವರು ಹೋದದ್ದಕ್ಕೂ ಸಂಬಂಧ ಇಲ್ಲ ಎಂದು ಮನೆಗೆ ಬಂದು ಅವಳಿಗೆ ನಾನೇ ಹೇಳಲೇ? ಬರುವುದು ಬೇಡವಾದರೆ ಇಷ್ಟನ್ನು ಅವಳಿಗೆ ಓದಿ ಹೇಳಿ. ಓಡಿಹೋದದ್ದನ್ನೂ ಬಿಡಬೇಡಿ.

ನಿಮ್ಮ
ಸುಜನ್